ಅರ್ಧ ಇಳಿದ ಶಟರ್

ರಾತ್ರಿ ಕೆಲಸ ಮುಗಿಸಿ ಹೊರಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಮ್ಯಾಪ್‌ನಲ್ಲಿ ಒಂದು ಹೋಟೆಲ್ ‘ತೆರೆದಿದೆ’ ಅಂತ ಇತ್ತು, ಹೋಗಿ ನೋಡಿದರೆ ಶಟರ್ ಅರ್ಧ ಇಳಿದಿದೆ, ಕುರ್ಚಿಗಳೆಲ್ಲ ಟೇಬಲ್ ಮೇಲೆ ತಲೆಕೆಳಗಾಗಿ ಕೂತಿವೆ, ನೆಲ ಒರೆಸುತ್ತಿದ್ದ ಹುಡುಗ ನನ್ನನ್ನು ನೋಡಿ ಸುಮ್ನೆ ಕೈ ಆಡಿಸಿದ. ಬಾಗಿಲು ಹಾಕುವ ಎಷ್ಟೋ ಮೊದಲೇ ಒಲೆ ಆರಿಸಿರುತ್ತಾರೆ. ಅದನ್ನು ಮಾತ್ರ ಯಾವ ಆ್ಯಪೂ ಹೇಳುವುದಿಲ್ಲ.

ಕೊನೆಗೆ ಊಟ ಸಿಕ್ಕಿದ್ದು ದೊಡ್ಡ ಆಸ್ಪತ್ರೆಯೊಂದರ ಎದುರು. ಸರಿಯಾಗೇ ಇದೆ ಅಲ್ವಾ? ರಾತ್ರಿ ಪಾಳಿಯವರು ಎಲ್ಲಿ ಜಾಸ್ತಿಯೋ ಅಲ್ಲೇ ಒಲೆ ಉರಿಯುತ್ತಿರುತ್ತದೆ. ಆಸ್ಪತ್ರೆ, ರೈಲ್ವೆ ಸ್ಟೇಷನ್, ಬೆಳಗಿನ ಜಾವಕ್ಕೆ ಲಾರಿ ಬಂದು ನಿಲ್ಲುವ ತರಕಾರಿ ಮಾರ್ಕೆಟ್. ನಾವು ಮಾತ್ರ ಮಿರಿಮಿರಿ ಬೋರ್ಡು ಇರುವ ಬೀದಿಗಳಲ್ಲಿ ಹುಡುಕುತ್ತಾ ಇರುತ್ತೇವೆ.

ಪಕ್ಕದಲ್ಲಿ ಕೂತಿದ್ದ ನರ್ಸ್‌ಗೆ ಅದು ‘ಮಧ್ಯಾಹ್ನದ’ ಊಟವಂತೆ. ಅವರು ಆಗಲೇ ವಾಚ್ ನೋಡುತ್ತಿದ್ದರು.