ವಿಗಾನ್: ಒಂದು ರಾತ್ರಿಯಾದರೂ ಉಳಿಯಬೇಕಾದ ಊರು

ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಮನಿಲಾದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿದೆ ವಿಗಾನ್. 16ನೇ ಶತಮಾನದಲ್ಲಿ ಸ್ಪೇನಿನವರು ಕಟ್ಟಿದ ಈ ಊರು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಬಹಳ ಮಂದಿ ಮಧ್ಯಾಹ್ನ ಬಂದಿಳಿದು, ಕಾಲ್ಯೆ ಕ್ರಿಸೊಲೊಗೊ ಬೀದಿಯಲ್ಲಿ ನಾಲ್ಕು ಫೋಟೊ ತೆಗೆದು ಉತ್ತರದ ಲಾವಾಗ್ ನಗರದ ಕಡೆಗೆ ಹೊರಟುಬಿಡುತ್ತಾರೆ. ಆ ಹೊತ್ತಿನಲ್ಲಿ ಅದು ಬರೀ ಸ್ಮರಣಿಕೆ ಅಂಗಡಿಗಳ ಸಾಲು. ಅಂಗಡಿ ಬಾಗಿಲು ತೆರೆಯುವ ಮೊದಲು, ಬೆಳಗ್ಗೆ ಆರರ ಸುಮಾರಿಗೆ ಒಮ್ಮೆ, ದೀಪ ಹತ್ತಿದ ಮೇಲೆ ಇನ್ನೊಮ್ಮೆ ನಡೆದರೆ ಮಾತ್ರ ಬೀದಿ ಕಣ್ಣಿಗೆ ಬೀಳುತ್ತದೆ.

ಮೊದಲು ಕಾಗದಪತ್ರ. 2025ರಿಂದ ಭಾರತೀಯರು ಪ್ರವಾಸಕ್ಕೆಂದು 14 ದಿನ ವೀಸಾ ಇಲ್ಲದೆ ಹೋಗಬಹುದು. ಆ ಅವಧಿಯನ್ನು ಅಲ್ಲಿ ಹೋಗಿ ವಿಸ್ತರಿಸಲಾಗದು. ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ವಾಪಸು ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣವಿದೆ ಎಂಬುದಕ್ಕೆ ದಾಖಲೆ ಕೈಯಲ್ಲಿರಲಿ. ತಲುಪುವುದಕ್ಕೆ ಮುಂಚಿನ 72 ಗಂಟೆಯೊಳಗೆ ಇ-ಟ್ರಾವೆಲ್ ಎಂಬ ಸರ್ಕಾರಿ ಆನ್‌ಲೈನ್ ನೋಂದಣಿ ಮುಗಿಸಿ ಕ್ಯೂಆರ್ ಕೋಡನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರ, ಕೌಲಾಲಂಪುರ ಅಥವಾ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸುವುದು ರೂಢಿಯ ದಾರಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ಓದಿಕೊಳ್ಳಿ.

ಮನಿಲಾದ ಕುಬಾವ್ ಪ್ರದೇಶದಿಂದ ರಾತ್ರಿ ಬಸ್ಸುಗಳಿವೆ. ಎಂಟರಿಂದ ಹತ್ತು ಗಂಟೆಯ ಪ್ರಯಾಣ. ಎಸಿ ಚಳಿ ಕೊರೆಯುತ್ತದೆ, ಹೊದಿಕೆ ಬೇಕೇ ಬೇಕು. ಬಸ್ ವಿಗಾನ್ ಒಳಗೆ ಬರುತ್ತದೆಯೋ ಇಲ್ಲವೋ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ: ರಾಷ್ಟ್ರೀಯ ಹೆದ್ದಾರಿ ಪಕ್ಕದ ಬಂತಾಯ್ ಊರಿನ ಮೇಲೆ ಹೋಗುವುದರಿಂದ, ಲಾವಾಗ್‌ಗೆ ಹೋಗುವ ಕೆಲವು ಬಸ್ಸುಗಳು ಅಲ್ಲೇ ಇಳಿಸಿ ಹೋಗುತ್ತವೆ. ಅಲ್ಲಿಂದ ಟ್ರೈಸಿಕಲ್‌ನಲ್ಲಿ (ಬೈಕಿನ ಪಕ್ಕಕ್ಕೆ ಸೀಟು ಜೋಡಿಸಿದ ಬಾಡಿಗೆ ಗಾಡಿ) ಹತ್ತು ನಿಮಿಷ. ಇಳಿಯುವುದು ನಸುಕಿನಲ್ಲಿ, ಕೋಣೆ ಸಿಗುವುದು ಮಧ್ಯಾಹ್ನ. ಬ್ಯಾಗ್ ಇಟ್ಟುಕೊಳ್ಳುತ್ತಾರೆಯೇ ಎಂದು ಹೋಟೆಲಿಗೆ ಮೊದಲೇ ಬರೆದು ಕೇಳಿ. ಹಳೆಯ ಬೀದಿಯ ಕಲ್ಲುಹಾಸಿನ ಮೇಲೆ ಚಕ್ರದ ಸೂಟ್‌ಕೇಸ್ ಎಳೆಯುವುದು ಶಿಕ್ಷೆ, ಬೆನ್ನುಚೀಲವೇ ಸರಿ. ಬಸ್ ಬೇಡವೆಂದರೆ ಲಾವಾಗ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ರಸ್ತೆಯಲ್ಲಿ ಬರಬಹುದು.

ಕಾಲ್ಯೆ ಕ್ರಿಸೊಲೊಗೊದೊಳಗೆ ಮೋಟಾರು ವಾಹನ ಬಿಡುವುದಿಲ್ಲ. ಇಲ್ಲಿನ ಮನೆಗಳನ್ನು ಕಟ್ಟಿಸಿದವರಲ್ಲಿ ಹೆಚ್ಚಿನವರು ಮೆಸ್ತಿಸೊ, ಎಂದರೆ ಚೀನೀ ಮತ್ತು ಸ್ಥಳೀಯ ಮಿಶ್ರ ಮೂಲದ, ವರ್ತಕರು. ಕೆಳಗಿನ ಅಂತಸ್ತು ಇಟ್ಟಿಗೆ ಗಾರೆಯದು, ಗಾಡಿ ಮತ್ತು ಸರಕು ಇಡಲು. ವಾಸವೆಲ್ಲ ಮರದ ಮೇಲಂತಸ್ತಿನಲ್ಲಿ. ಕಿಟಕಿಗಳಿಗೆ ಗಾಜಿನ ಬದಲು ಕಪೀಸ್ ಎಂಬ ಸಮುದ್ರದ ಚಿಪ್ಪು. ಬಿಸಿಲು ಸೋಸಿ ಒಳಗೆ ಬರುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಹೊರಗಿನಿಂದ ಇದು ಅರ್ಥವಾಗದು, ಒಂದು ಮನೆಯ ಒಳಗಾದರೂ ಹೋಗಿ. ಫಿಲಿಪ್ಪೀನ್ಸ್‌ನ ಹಿಂದಿನ ಅಧ್ಯಕ್ಷ ಎಲ್ಪಿದಿಯೊ ಕಿರಿನೊ ಅವರ ಪತ್ನಿಯ ತವರುಮನೆಯಾದ ಸಿಕಿಯಾ ಮಹಲು ಒಳ್ಳೆಯ ಆಯ್ಕೆ.

ಸಮಯವಿಲ್ಲದಿದ್ದರೆ ಬೇರೆ ಏನನ್ನಾದರೂ ಬಿಡಿ, ನ್ಯಾಷನಲ್ ಮ್ಯೂಸಿಯಂ ಸಂಕೀರ್ಣವನ್ನು ಬಿಡಬೇಡಿ. ಪ್ರವೇಶ ಉಚಿತ, ಸೋಮವಾರ ರಜೆ. 1872ರಲ್ಲಿ ಸ್ಪೇನಿನ ಆಡಳಿತ ಮರಣದಂಡನೆ ಕೊಟ್ಟ ಪಾದ್ರಿ ಹೊಸೆ ಬುರ್ಗೋಸ್ ಅವರ ಮನೆ, ಕಿರಿನೊ ಹುಟ್ಟಿದ ಹಳೆಯ ಸೆರೆಮನೆ ಎರಡೂ ಇದರ ಭಾಗ. ಇಲ್ಲಿರುವ 14 ಚಿತ್ರಗಳನ್ನು ನಿಧಾನವಾಗಿ ನೋಡಿ. ಕಬ್ಬಿನ ಹಾಲಿನಿಂದ ಮಾಡುವ ಬಾಸಿ ಎಂಬ ಮದ್ಯವನ್ನು ಜನ ಸ್ವಂತಕ್ಕೆ ತಯಾರಿಸದಂತೆ ಸರ್ಕಾರ ತಡೆದಾಗ 1807ರಲ್ಲಿ ದಂಗೆ ಎದ್ದಿತು. ಅದನ್ನು ಎಸ್ತೆಬಾನ್ ವಿಲ್ಯಾನುವೆವಾ 1821ರಲ್ಲಿ ಚಿತ್ರಿಸಿದರು. ದಂಗೆಯ ವರ್ಷ ಆಕಾಶದಲ್ಲಿ ಕಾಣಿಸಿಕೊಂಡ ಧೂಮಕೇತುವೂ ಚಿತ್ರದಲ್ಲಿದೆ, ಹುಡುಕಿ. ಖಾಸಗಿ ಮ್ಯೂಸಿಯಂಗಳು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವುದುಂಟು. ಒಳಗಿನ ಸ್ಥಳಗಳನ್ನು ಬೆಳಗ್ಗೆಯೇ ಮುಗಿಸಿಬಿಟ್ಟರೆ ಪರದಾಟವಿಲ್ಲ.

ಕೆಥೆಡ್ರಲ್‌ನ ಗಂಟೆಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ, ದೂರ ನಿಂತಿದೆ. ಭೂಕಂಪದಲ್ಲಿ ಬಿದ್ದರೂ ಚರ್ಚಿನ ಮೇಲೆ ಬೀಳಬಾರದೆಂಬ ಲೆಕ್ಕ. ಲೆಕ್ಕ ಸುಮ್ಮನೆ ಹಾಕಿದ್ದಲ್ಲ: 2022ರ ಜುಲೈ 27ರ ಭೂಕಂಪದಲ್ಲಿ ಬಂತಾಯ್ ಗುಡ್ಡದ ಗಂಟೆಗೋಪುರದ ಕಲ್ಲುಗಳು ಉದುರಿದವು. ಅದನ್ನು ಹತ್ತಲು ಬಿಡುತ್ತಾರೆಯೇ ಎಂದು ವಿಚಾರಿಸಿಯೇ ಹೊರಡಿ.

ಊರು ಸುತ್ತಲು ನಮ್ಮ ಜಟಕಾದಂಥ ಕಲೇಸಾ ಸಿಗುತ್ತದೆ. ಬಾಡಿಗೆ ಗಂಟೆಯ ಲೆಕ್ಕ, ತಲೆಯ ಲೆಕ್ಕವಲ್ಲ. ಹತ್ತುವ ಮುನ್ನವೇ ದರವನ್ನೂ ನಿಲ್ಲಬೇಕಾದ ಜಾಗಗಳನ್ನೂ ಹೇಳಿ. ಇಲ್ಲದಿದ್ದರೆ ಪ್ರಾಣಿಸಂಗ್ರಹಾಲಯ, ತೋಟ ಎಂದು ಸುತ್ತಿ ಗಂಟೆಗಳು ಬೆಳೆಯುತ್ತವೆ. ಪಗ್ಬುರ್ನಾಯನ್‌ನ ಕುಂಬಾರರ ಬಳಿ ನಿಲ್ಲಿಸಲು ಮರೆಯಬೇಡಿ. ಕೋಣದಿಂದ ಜೇಡಿಮಣ್ಣು ತುಳಿಸಿ, ತಿಗರಿಯಲ್ಲಿ ತಿರುಗಿಸಿ, ಉದ್ದನೆಯ ಆವಿಗೆಯಲ್ಲಿ ಸುಡುವ ಬುರ್ನಾಯ್ ಜಾಡಿಗಳಲ್ಲೇ ಇಲ್ಲಿನ ವಿನೆಗರ್ ಹುಳಿ ಬರುವುದು. ಅಬೆಲ್ ಕೈಮಗ್ಗದ ಬಟ್ಟೆ ಬೇಕಾದರೆ ಕಮಂಗಾನ್ ಕಡೆ ನೇಯುವವರಲ್ಲೇ ಕೊಳ್ಳಿ, ಪೇಟೆಯಲ್ಲಿ ಯಂತ್ರದ ಬಟ್ಟೆಯೂ ಬೆರೆತಿರುತ್ತದೆ. ಕಡಲು ಹಳೆಯ ಪೇಟೆಯ ಪಕ್ಕದಲ್ಲಿಲ್ಲ. ಸೂರ್ಯಾಸ್ತಕ್ಕೆ ಮಿಂಡೊರೊ ಕಿನಾರೆಗೆ ಟ್ರೈಸಿಕಲ್ ಮಾಡಿಕೊಳ್ಳಬೇಕು.

ಊಟವೇ ಸಸ್ಯಾಹಾರಿಗಳ ಪೇಚು. ತರಕಾರಿ ಪಲ್ಯದಂತೆ ಕಾಣುವ ಪಿನಕ್ಬೆಟ್‌ನಲ್ಲಿ ಬಗೋಂಗ್ ಇರುತ್ತದೆ, ಎಂದರೆ ಉಪ್ಪು ಹಾಕಿ ಹುಳಿಬರಿಸಿದ ಮೀನು. 'ಮಾಂಸ ಬೇಡ' ಎಂದರೆ ಸಾಲದು, ಬಗೋಂಗ್ ಬೇಡವೆಂದು ಹೆಸರಿಟ್ಟೇ ಹೇಳಿ. ಮೊಟ್ಟೆ ತಿನ್ನುವವರಿಗೆ ಸುಟ್ಟ ಬದನೆಕಾಯಿಯ ಪೊಕಿಪೊಕಿ ಒಗ್ಗುತ್ತದೆ. ಬುರ್ಗೋಸ್ ಚೌಕದ ಬಳಿಯ ಎಂಪನಾಡಾ ಅಕ್ಕಿಹಿಟ್ಟಿನ ಕಿತ್ತಳೆ ಬಣ್ಣದ ಹೊದಿಕೆಯದು. ಒಳಗೆ ತುರಿದ ಪರಂಗಿಕಾಯಿ, ಮೊಟ್ಟೆ, ಬೆಳ್ಳುಳ್ಳಿ ಹಾಕಿದ ಲೊಂಗನಿಸಾ ಎಂಬ ಹಂದಿಮಾಂಸದ ಸಾಸೇಜು. ಕಣ್ಣೆದುರೇ ತುಂಬುವುದರಿಂದ ಮೊಟ್ಟೆ, ಮಾಂಸ ಬಿಟ್ಟು ಮಾಡಿಸಬಹುದು, ಆದರೆ ಬಾಣಲೆಯ ಎಣ್ಣೆ ಒಂದೇ. ಕಟ್ಟುನಿಟ್ಟಿನವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಲೇಸು. ಕಲೇಸಾ, ಟ್ರೈಸಿಕಲ್, ಎಂಪನಾಡಾ ಯಾವುದಕ್ಕೂ ಕಾರ್ಡ್ ನಡೆಯದು. 20, 50, 100 ಪೆಸೊ ನೋಟುಗಳನ್ನು ಮನಿಲಾದಲ್ಲೇ ಮುರಿಸಿಕೊಳ್ಳಿ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಚಂಡಮಾರುತ. ಬಸ್ಸು ನಿಲ್ಲುವುದೂ ಉಂಟು, ಮನಿಲಾದ ವಿಮಾನಕ್ಕೆ ಒಂದು ದಿನ ಮೊದಲೇ ವಾಪಸಾಗಿ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಕೋಣೆಯೂ ಇಲ್ಲ, ಸೀಟೂ ಇಲ್ಲ. ಭಾನುವಾರ ಮಧ್ಯಾಹ್ನ ಮನಿಲಾಕ್ಕೆ ಮರಳುವವರ ನೂಕುನುಗ್ಗಲು. ವಿಗಾನ್‌ನಲ್ಲಿ ಇಳಿದ ದಿನವೇ ವಾಪಸು ಟಿಕೆಟ್ ಮಾಡಿಸಿಡಿ.