ಡೆಮೊಗೆ ಮುಂಚೆ ರೀಬೂಟ್ ಮಾಡಿದೆ, ಅಷ್ಟೇ

ನಮ್ಮ ಗೇಮ್ ಸ್ಟುಡಿಯೋದ ಉಬುಂಟು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ವಾಲ್ವ್ ಕಂಪನಿಯ ಗೇಮ್ ಆ್ಯಪ್ ಸ್ಟೀಮ್ ಹೇಗೆ ಹಾಕಬೇಕು ಅಂತ ಕಾನೂನು ಮಾಡಿದವನು ನಾನೇ. ಫ್ಲಾಟ್‌ಪ್ಯಾಕ್, ಫ್ಲಾಟ್‌ಪ್ಯಾಕ್ ಮಾತ್ರ. ಆ್ಯಪನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಪ್ರತ್ಯೇಕ ಡಬ್ಬಿಯಲ್ಲಿಡುವ ಪ್ಯಾಕೇಜ್ ಅದು. ವಾಲ್ವ್‌ನ ಕೈಯಲ್ಲಿ ಹಿಡಿಯೋ ಗೇಮ್ ಸಾಧನ ಸ್ಟೀಮ್ ಡೆಕ್‌ಗಾಗಿ ಮಾಡಿದ ನಮ್ಮ ಆಟದ ಬಿಲ್ಡ್ (ಆವೃತ್ತಿ) ಟೆಸ್ಟ್ ಮಾಡೋಕೆ ಕ್ಯೂಎ (ಗುಣಮಟ್ಟ ಪರೀಕ್ಷೆ) ಟೀಮಿಗೆ ಮೆಷಿನ್ ಬಂದ ದಿನದಿಂದ ಇದೇ ನಡೀತಿತ್ತು.

ಹೀಗೆ ಹಟ ಹಿಡಿಯೋಕೆ ಕಾರಣವೂ ಇತ್ತು. 2021ರಲ್ಲಿ ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್‌ನವರು ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ ಇಡೀ ಡೆಸ್ಕ್‌ಟಾಪ್ ಇಂಟರ್‌ಫೇಸನ್ನೇ ಕಿತ್ತುಹಾಕಿದ್ದು ಹಲವರಿಗೆ ನೆನಪಿರಬಹುದು. 32-ಬಿಟ್ ಪ್ಯಾಕೇಜಿನ ಆವೃತ್ತಿ ಹೊಂದಲಿಲ್ಲ, ಪ್ಯಾಕೇಜು ಹಾಕುವ ಸಾಧನ ಆಪ್ಟ್ ಎಚ್ಚರಿಸಿತು, 'ಹೌದು, ನಾನು ಹೇಳಿದಂತೆ ಮಾಡು' ಎಂದು ಟೈಪ್ ಮಾಡಿಸಿಕೊಂಡು ಹೇಳಿದಂತೆಯೇ ಮಾಡಿತು. ಆಮೇಲೆ ಆಪ್ಟ್‌ನಲ್ಲೇ ಇದಕ್ಕೆ ತಡೆ ಹಾಕಿದರು, ಆದರೆ ನನ್ನ ತಲೆಯಲ್ಲಿ ಐ386 (32-ಬಿಟ್ ಪ್ಯಾಕೇಜುಗಳ ಗುರುತು) ಅಂದರೆ ಅಪಾಯ ಅಂತ ಕೂತುಬಿಟ್ಟಿತ್ತು. ಉಬುಂಟು ಮಾಡುವ ಕೆನಾನಿಕಲ್‌ನವರ ಪ್ಯಾಕೇಜ್ ಸ್ನ್ಯಾಪ್ ಅಂತೂ ಬೇಡವೇ ಬೇಡ. ಅದರಿಂದ ಬರುವ ಬಗ್ ರಿಪೋರ್ಟ್‌ಗಳು ಹೆಚ್ಚುತ್ತಿವೆ, ಅದಕ್ಕೂ ನಮಗೂ ಸಂಬಂಧವಿಲ್ಲ ಅಂತ ವಾಲ್ವ್‌ನ ಟಿಮೊಥಿ ಬೆಸೆ 2024ರ ಜನವರಿಯಲ್ಲೇ ಬರೆದಿದ್ದರು. ಅದೇ ಬರಹದಲ್ಲಿ ಅವರು ಮೊದಲು ಶಿಫಾರಸು ಮಾಡಿದ್ದು ವಾಲ್ವ್‌ನ ಡೆಬ್ ಪ್ಯಾಕೇಜನ್ನು, ಅಂದರೆ ಆಪ್ಟ್ ಮೂಲಕ ಹಾಕುವ ಮಾಮೂಲಿ ಪ್ಯಾಕೇಜನ್ನು. ಅದು ಬೇಡ ಅನ್ನುವವರಿಗೆ ಫ್ಲಾಟ್‌ಪ್ಯಾಕ್. ಮೇಲ್‌ನಲ್ಲಿ ನಾನು ಟೀಮಿಗೆ ಕಳಿಸಿದ್ದು ಸ್ನ್ಯಾಪನ್ನು ಬೈದಿದ್ದ ಸಾಲುಗಳನ್ನಷ್ಟೇ.

ಪಬ್ಲಿಷರ್ ಕಡೆಯವರು ಬರುವ ದಿನ ಮೀಟಿಂಗ್ ರೂಮಿನ ಮೆಷಿನ್ ರೀಬೂಟ್ ಮಾಡಿದೆ. ಸ್ಟೀಮ್ ತೆರೆಯಿತು, ಲೈಬ್ರರಿ ಬಂತು, ನಮ್ಮ ಬಿಲ್ಡ್ ಕಾಣಿಸಿತು. ಹಿಂದಿನ ಸಂಜೆ ಆಟ ಚೆನ್ನಾಗಿ ಓಡಿತ್ತಲ್ಲ ಅಂತ ಕಾಫಿಗೆ ಹೋದೆ.

ಹನ್ನೊಂದಕ್ಕೆ ಪ್ರೊಡ್ಯೂಸರ್ ಪ್ಲೇ ಒತ್ತಿದರು. ಮೆನು ಬರೋಕೇ ಯುಗ ಹಿಡಿಯಿತು. ಮೊದಲ ಲೆವೆಲ್‌ನಲ್ಲಿ ನಮ್ಮ ಹೀರೋ ಒಂದು ಹೆಜ್ಜೆ ಇಟ್ಟು, ಯೋಚನೆ ಮಾಡಿ, ಇನ್ನೊಂದು ಹೆಜ್ಜೆ ಇಟ್ಟ. ಅತಿಥಿಗಳು ಸಭ್ಯರು, ಇದೇ ಸ್ಟೈಲ್ ಇರಬಹುದು ಅಂತ ತಲೆಯಾಡಿಸಿದರು. ಬಿಲ್ಡೇ ಕೆಟ್ಟಿದೆ ಅಂತ ನಾನು ತೀರ್ಮಾನಿಸಿ, ಬಿಲ್ಡ್ ಎಂಜಿನಿಯರ್‌ಗೆ ಸ್ಲ್ಯಾಕ್‌ನಲ್ಲಿ ಕಿಡಿಕಾರಿದೆ. 'ನಿನ್ನೆ ರಾತ್ರಿ ಏನು ಮರ್ಜ್ ಮಾಡಿದೆ?' 'ಏನೂ ಇಲ್ಲ.' ನಂಬಲಿಲ್ಲ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನ ಆವೃತ್ತಿ ಬದಲಿಸಿದೆ, ಶೇಡರ್ ಕ್ಯಾಶ್ ಅಳಿಸಿದೆ, ಫೈಲ್ ವೆರಿಫೈ ಮಾಡಿದೆ. ಒಂದೊಂದಕ್ಕೂ ಪ್ರೊಡ್ಯೂಸರ್ ಒಂದೊಂದು ಕಥೆ ಕಟ್ಟಿ ಹೇಳುತ್ತಿದ್ದರು. ಕಥೆ ಮುಗಿಯುತ್ತ ಬಂದಾಗ ನನ್ನ ಕಡೆ ನೋಡುವ ನೋಟ ಇದೆಯಲ್ಲ, ಅದು ಅಪ್ರೈಸಲ್ ಫಾರ್ಮ್‌ನಲ್ಲಿ ಬರೆಯೋ ಅಂಥದ್ದಲ್ಲ.

ಕೊನೆಗೆ ಪ್ರೋಟಾನ್‌ನ ಗ್ರಾಫಿಕ್ಸ್ ಭಾಗವಾದ ಡಿಎಕ್ಸ್‌ವಿಕೆಯ ಲಾಗ್ ತೆರೆದೆ. ಗ್ರಾಫಿಕ್ಸ್ ಸಾಧನದ ಜಾಗದಲ್ಲಿ ನಮ್ಮ ಎನ್‌ವಿಡಿಯಾ ಕಾರ್ಡಿನ ಹೆಸರೇ ಇಲ್ಲ, ಎಲ್‌ಎಲ್‌ವಿಎಂಪೈಪ್ ಅಂತಿದೆ. ಅಂದರೆ ಇಡೀ ಆಟವನ್ನು ಸಿಪಿಯು ಚಿತ್ರ ಬಿಡಿಸಿ ತೋರಿಸುತ್ತಿತ್ತು, ಪಾಪ.

ಅಷ್ಟು ಕಂಡ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ರಾತ್ರಿ ಉಬುಂಟುವಿನಲ್ಲಿ ತಾನಾಗಿ ಅಪ್‌ಡೇಟ್ ಮಾಡುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎನ್‌ವಿಡಿಯಾ ಡ್ರೈವರ್‌ನ ಹೊಸ ಆವೃತ್ತಿ ಹಾಕಿದೆ. ಬೆಳಿಗ್ಗೆ ರೀಬೂಟ್ ಮಾಡಿದಾಗ ಕರ್ನಲ್‌ಗೆ ಹೊಸ ಮಾಡ್ಯೂಲ್ ಏರಿದೆ. ಫ್ಲಾಟ್‌ಪ್ಯಾಕ್ ಹೊರಗಿನ ಡ್ರೈವರ್ ಲೈಬ್ರರಿಗಳನ್ನು ಮುಟ್ಟಲ್ಲ, ಅದಕ್ಕೆ ಡ್ರೈವರ್ ಲೈಬ್ರರಿಗಳ ತನ್ನದೇ ಪ್ರತಿ, ಅಂದರೆ ಜಿಎಲ್ ಎಕ್ಸ್‌ಟೆನ್ಷನ್ ಬೇಕು, ಅದೂ ಕರ್ನಲ್‌ನಲ್ಲಿರೋ ಆವೃತ್ತಿಯದೇ ಆಗಬೇಕು. ಇದ್ದದ್ದು ಹಳೆಯದು. ಎಎಂಡಿ ಕಾರ್ಡ್ ಆಗಿದ್ದರೆ ಈ ತಾಪತ್ರಯವೇ ಇಲ್ಲ, ಅಲ್ಲಿ ಬೇಕಾದ ಮೆಸಾ ಡ್ರೈವರ್ ಫ್ಲಾಟ್‌ಪ್ಯಾಕ್ ಒಳಗೇ ಬರುತ್ತೆ, ಉಬುಂಟುವಿನ ದೀರ್ಘಾವಧಿ ಆವೃತ್ತಿ ಎಲ್‌ಟಿಎಸ್‌ನಲ್ಲಿರೋದಕ್ಕಿಂತ ಸಾಮಾನ್ಯವಾಗಿ ಹೊಸದೂ ಆಗಿರುತ್ತೆ.

ಫ್ಲಾಟ್‌ಪ್ಯಾಕ್ ಅಪ್‌ಡೇಟ್ ಕೊಟ್ಟರೆ ಮುಗೀತು ಅಂದುಕೊಂಡೆ. ಆದರೆ ಮೀಟಿಂಗ್ ರೂಮು ಗೆಸ್ಟ್ ನೆಟ್‌ವರ್ಕ್‌ನಲ್ಲಿದೆ, ಗೆಸ್ಟ್ ನೆಟ್‌ವರ್ಕ್‌ನಲ್ಲಿ ಫ್ಲಾಟ್‌ಪ್ಯಾಕ್‌ಗಳು ಸಿಗುವ ಫ್ಲಾಟ್‌ಹಬ್ ಬ್ಲಾಕ್. ಐಟಿಯವರು ಫೋನಿನಲ್ಲೇ 'ಟಿಕೆಟ್ ರೈಸ್ ಮಾಡಿ' ಅಂದರು. ಹಾಟ್‌ಸ್ಪಾಟ್ ಆನ್ ಮಾಡಿದರೆ ಗಾಜಿನ ಗೋಡೆಗಳ ಆ ರೂಮಿನಲ್ಲಿ ಸಿಗ್ನಲ್ ಒಂದು ಕಡ್ಡಿ. ಡೌನ್‌ಲೋಡ್ ಪಟ್ಟಿ ಅಲ್ಲಾಡಲೇ ಇಲ್ಲ.

ಅಷ್ಟರಲ್ಲಿ ಕ್ಯೂಎ ಹುಡುಗಿ ತನ್ನ ಕಂಪ್ಯೂಟರ್ ಕ್ಯಾಬಿನೆಟ್ಟನ್ನೇ ಅಪ್ಪಿಕೊಂಡು ಒಳಗೆ ಬಂದಳು. ಅದರಲ್ಲಿದ್ದದ್ದು ವಾಲ್ವ್‌ನ ಡೆಬ್. ನಿಯಮ ಮೀರಿದ್ದಕ್ಕೆ ಅವಳ ಮ್ಯಾನೇಜರ್‌ಗೆ ಸಿಸಿ ಹಾಕಿ ನಾನೇ ಮೇಲ್ ಕಳಿಸಿದ್ದೆ. ಅದೇ ಕಾರ್ಡು, ರಾತ್ರಿ ಅದೇ ಅಪ್‌ಡೇಟ್, ಬೆಳಿಗ್ಗೆ ರೀಬೂಟೂ ಆಗಿತ್ತು. ಆದರೆ ಡೆಬ್ ಬಳಸೋದು ಸಿಸ್ಟಂನ ಲೈಬ್ರರಿಗಳನ್ನೇ, ನಾನು ಹೆದರುತ್ತಿದ್ದ ಐ386 ಭಾಗ ಸಮೇತ ಎಲ್ಲವನ್ನೂ ಆಪ್ಟ್ ಒಟ್ಟಿಗೇ ಏರಿಸಿತ್ತು. ಕೇಬಲ್ ಚುಚ್ಚಿದಳು, ಪ್ಲೇ ಒತ್ತಿದಳು, ಹೀರೋ ಓಡಿದ.

ಈಗ ಎನ್‌ವಿಡಿಯಾ ಇರೋ ಮೆಷಿನ್‌ಗಳಿಗೆಲ್ಲ ಡೆಬ್. ಎಎಂಡಿಯ ಮಿನಿ ಪಿಸಿಗಳಲ್ಲಿ ಫ್ಲಾಟ್‌ಪ್ಯಾಕ್ ಉಳಿಸಿದ್ದೇನೆ, ಕಂಟ್ರೋಲರ್‌ಗಾಗಿ ಸ್ಟೀಮ್ ಡಿವೈಸಸ್ ಪ್ಯಾಕೇಜನ್ನು ಪ್ರತ್ಯೇಕ ಹಾಕಬೇಕು, ಎರಡನೇ ಡಿಸ್ಕಿಗೆ ಫ್ಲಾಟ್‌ಪ್ಯಾಕ್‌ನ ಅನುಮತಿ ನೋಡಿಕೊಳ್ಳುವ ಫ್ಲಾಟ್‌ಸೀಲ್ ಆ್ಯಪ್‌ನಲ್ಲಿ ಅನುಮತಿ ಕೊಡಬೇಕು, ಅಷ್ಟೇ. ಡೆಮೊ ಇರೋ ವಾರ ಡ್ರೈವರ್ ಪ್ಯಾಕೇಜುಗಳನ್ನು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್‌ನ ಕಪ್ಪುಪಟ್ಟಿಗೆ ಸೇರಿಸುತ್ತೇನೆ. ರೀಬೂಟ್ ಆದ ಮೇಲೆ ಆಟ ಓಡಿಸಿಯೇ ಕಾಫಿ.

ಇದನ್ನೆಲ್ಲ ಆರ್‌ಸಿಎಯಲ್ಲಿ (ಮೂಲಕಾರಣದ ವರದಿಯಲ್ಲಿ) ವಿವರವಾಗಿ ಬರೆದುಕೊಟ್ಟೆ. ಮ್ಯಾನೇಜ್‌ಮೆಂಟ್ ಅದನ್ನು ಓದಿ ಒಂದೇ ಆಕ್ಷನ್ ಐಟಂ ಮಾಡಿ ಎಲ್ಲರಿಗೂ ಕಳಿಸಿದೆ: ಇನ್ನು ಮುಂದೆ ಪ್ರತಿ ಡೆಮೊ ಹಿಂದಿನ ರಾತ್ರಿ ಎಲ್ಲ ಮೆಷಿನ್‌ಗಳನ್ನೂ ಕಡ್ಡಾಯವಾಗಿ ಅಪ್‌ಡೇಟ್ ಮಾಡತಕ್ಕದ್ದು.