ಒಂದು ಸೋರ್ಸ್, ಮೂರು ಆಂಪ್, ಮತ್ತೆ ಕಾಣೆಯಾದ ಬೇಸ್

ಮೊದಲು ನನ್ನತ್ರ ಇದ್ದಿದ್ದು ಒಂದೇ ಆಂಪ್, ಅಂದ್ರೆ ಸ್ಪೀಕರ್ ಓಡ್ಸೋ ಆಂಪ್ಲಿಫೈಯರ್. ಪ್ಲೇಯರ್‌ನಿಂದ ಒಂದು ಹಳೇ ಪ್ರೀಆಂಪ್‌ಗೆ (ಆಂಪ್‌ಗೆ ಮುಂಚೆ ಸಿಗ್ನಲ್ ಸರಿಮಾಡಿ ಕಳಿಸೋ ಡಬ್ಬ), ಅಲ್ಲಿಂದ ಆಂಪ್‌ಗೆ, ಅಷ್ಟೇ. ಆಮೇಲೆ ಓದೋ ರೂಮಲ್ಲೂ ಅದೇ ಹಾಡು ಕೇಳ್ಬೇಕು ಅನ್ನಿಸ್ತು, ಒಂದು ವೈ ಕೇಬಲ್ (ಒಂದು ಔಟ್‌ಪುಟ್ಟನ್ನ ಎರಡು ಕವಲು ಮಾಡೋ ವೈರ್) ಹಾಕಿ ಎರಡನೇ ಆಂಪ್ ಸೇರಿಸ್ದೆ, ಏನೂ ತೊಂದ್ರೆ ಆಗ್ಲಿಲ್ಲ. ಸಬ್‌ವೂಫರ್‌ಗೆ (ಬರೀ ಬೇಸ್ ನುಡಿಸೋ ಸ್ಪೀಕರ್) ಅಂತ ಮೂರನೇ ಆಂಪ್ ಸೇರಿಸಿದ್ಮೇಲೆ ಸಮಸ್ಯೆ ಶುರುವಾಯ್ತು. ಬೇಸ್ ಚೆನ್ನಾಗಿ ಬರ್ಲಿ ಅಂತ ಸಬ್ ಹಾಕಿದ್ರೆ ಹಳೇ ಸ್ಪೀಕರಲ್ಲಿ ಬರ್ತಿದ್ದ ಬೇಸೂ ತೆಳ್ಳಗಾಗೋಯ್ತು, ಸಬ್ಬಲ್ಲೂ ಜೀವ ಇಲ್ಲ. ವೋಕಲ್, ತಾಳ, ಮೇಲಿನ ಸ್ವರಗಳೆಲ್ಲ ಸರಿಯಾಗೇ ಇವೆ, ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದಾಗ ಎದೆಗೆ ತಟ್ಟೋ ಆ ಗುದ್ದು ಮಾತ್ರ ಇಲ್ಲ.

ಗೊತ್ತಿರೋರನ್ನ ಕೇಳಿದ್ರೆ ಎಲ್ರದ್ದೂ ಒಂದೇ ಮಾತು, ಸ್ಪ್ಲಿಟರ್ ಹಾಕಿದ್ರೆ ಸಿಗ್ನಲ್ ಹಂಚಿಹೋಗುತ್ತೆ, ಮೂರು ಭಾಗ ಮಾಡಿದ್ರೆ ಒಬ್ಬೊಬ್ರಿಗೆ ಮೂರರಲ್ಲಿ ಒಂದು ಪಾಲು. ಇದು ತಪ್ಪು. ಯಾಕೆ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಒಂದು ನಂಬಿಕೆಯಿಂದಾನೇ ಜನ ಬೇಡದ ಸಾಮಾನೆಲ್ಲ ತಂದು ಜೋಡಿಸ್ತಾರೆ.

ಲೈನ್ ಲೆವೆಲ್‌ನಲ್ಲಿ, ಅಂದ್ರೆ ಆಂಪ್ ದೊಡ್ಡದು ಮಾಡೋಕೆ ಮುಂಚಿನ ಸಣ್ಣ ಸಿಗ್ನಲ್‌ನಲ್ಲಿ, ನಾವು ಕಳಿಸೋದು ವೋಲ್ಟೇಜು, ಪವರ್ ಅಲ್ಲ. ಒಬ್ರು ಕೂತು ಹಾಡ್ತಿದ್ರೆ ಒಬ್ಬ ಕೇಳಿದ್ರೂ ಹತ್ತು ಜನ ಕೇಳಿದ್ರೂ ಅವರ ದನಿ ಹಂಚಿಹೋಗಲ್ಲ ಅಲ್ವಾ, ಹಂಗೇ ಇದೂ. ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಸಾಮಾನ್ಯವಾಗಿ 10 ಕಿಲೋಓಮ್‌ನಿಂದ 47 ಕಿಲೋಓಮ್ ಇರುತ್ತೆ. 2 ವೋಲ್ಟ್ ಸಿಗ್ನಲ್ ಕೊಟ್ರೆ 47 ಕಿಲೋಓಮ್ ಆಂಪ್ ಎಳ್ಕೊಳೋ ಕರೆಂಟು 0.04 ಮಿಲಿಆಂಪಿಯರ್ ಅಷ್ಟೇ, ಒಂದು ಸಣ್ಣ ಎಲ್‌ಇಡಿ ಉರಿಯೋಕೆ ಬೇಕಾಗಿರೋದರ ಮುಂದೆ ಇದು ಏನೇನೂ ಅಲ್ಲ. ಆದ್ರೆ ಆಂಪ್‌ಗಳನ್ನ ಪ್ಯಾರಲಲ್ ಸೇರಿಸ್ತಾ ಹೋದಂಗೆ ಸೋರ್ಸ್‌ಗೆ (ಸಿಗ್ನಲ್ ಕೊಡೋ ಸಾಧನಕ್ಕೆ, ನನ್ನಲ್ಲಿ ಪ್ರೀಆಂಪ್‌ಗೆ) ಕಾಣೋ ಒಟ್ಟು ಇಂಪೀಡೆನ್ಸ್ ಇಳೀತಾ ಹೋಗುತ್ತೆ. 10 ಕಿಲೋಓಮ್‌ದು ಎರಡು ಸೇರಿದ್ರೆ 5, ಮೂರು ಸೇರಿದ್ರೆ 3.3. ಸೋರ್ಸ್‌ನ ಔಟ್‌ಪುಟ್ ಇಂಪೀಡೆನ್ಸ್ 200 ಓಮ್ ಇದ್ರೆ, ಒಂದೇ ಆಂಪ್ ಇದ್ದಾಗ ಸುಮಾರು 0.17 ಡೆಸಿಬಲ್ ಹೋಗುತ್ತೆ, ಮೂರಿದ್ದಾಗ 0.5 ಡೆಸಿಬಲ್. ಅದೂ ಎಲ್ಲ ಸ್ವರಕ್ಕೂ ಒಂದೇ ಸಮ ಇಳಿಯೋದು, ವಾಲ್ಯೂಮ್ ಕೂದಲೆಳೆಯಷ್ಟು ತಿರುಗಿಸಿದ್ರೆ ಸರಿಹೋಗುತ್ತೆ, ಕ್ವಾಲಿಟಿಗೆ ಏನೂ ಆಗಲ್ಲ. ಎಲ್ಲ ಆಂಪ್ ಸೇರಿದ ಇಂಪೀಡೆನ್ಸು ಸೋರ್ಸ್‌ನ ಔಟ್‌ಪುಟ್ ಇಂಪೀಡೆನ್ಸಿನ ಹತ್ತು ಪಟ್ಟಾದ್ರೂ ಇರ್ಲಿ ಅನ್ನೋ ಲೆಕ್ಕ ಇಟ್ಕೊಂಡ್ರೆ ಸಾಮಾನ್ಯ ವೈ ಕೇಬಲ್ಲೇ ಸಾಕು.

ಹಂಗಾದ್ರೆ ನನ್ನ ಬೇಸ್ ಎಲ್ಲಿ ಹೋಯ್ತು?

ಹಾಡು ಓಡ್ತಾ ಇದ್ದಂಗೇ ಮೂರನೇ ಆಂಪ್‌ನ ಪಿನ್ ಕಿತ್ತೆ, ಹಳೇ ಸ್ಪೀಕರಲ್ಲಿ ಬೇಸ್ ಸ್ವಲ್ಪ ವಾಪಸ್ ಬಂತು. ಎರಡನೇದೂ ಕಿತ್ತೆ, ಪೂರ್ತಿ ಬಂತು. ಮತ್ತೆ ಎರಡೂ ಹಾಕ್ದೆ, ಹೋಯ್ತು. ಅಲ್ಲಿಗೆ ಆಂಪ್‌ಗಳದ್ದು ತಪ್ಪಿಲ್ಲ, ಅವು ಸೋರ್ಸ್ ಮೇಲೆ ಹಾಕ್ತಿರೋ ಲೋಡಿನದು ಅಂತ ಖಾತ್ರಿ ಆಯ್ತು. ಪ್ರೀಆಂಪ್ ಆಫ್ ಮಾಡಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಬಿಚ್ಚಿ ನೋಡಿದ್ರೆ ಔಟ್‌ಪುಟ್ ಸಾಕೆಟ್‌ಗೆ ಮುಂಚೆ ಒಂದೊಂದು ಚಾನಲ್‌ಗೂ ಒಂದೊಂದು ಹಳದಿ ಕೆಪಾಸಿಟರು, ಮೈಮೇಲೆ 1 ಮೈಕ್ರೋಫ್ಯಾರಡ್ ಅಂತ ಬರ್ದಿದೆ. ಡಿಸಿ (ಒಂದೇ ದಿಕ್ಕಿಗೆ ಹರಿಯೋ ಕರೆಂಟ್) ತಡೆಯೋಕೆ ಅಂತ ಇಡೋ ಕಪ್ಲಿಂಗ್ ಕೆಪಾಸಿಟರ್ ಅದು. ಈ ಕೆಪಾಸಿಟರೂ ಆಂಪ್‌ನ ಇನ್‌ಪುಟ್ ಇಂಪೀಡೆನ್ಸೂ ಸೇರಿದ್ರೆ ಒಂದು ಹೈಪಾಸ್ ಫಿಲ್ಟರ್ (ಕೆಳಗಿನ ಸ್ವರ ತಡೆದು ಮೇಲಿನದನ್ನ ಮಾತ್ರ ದಾಟಿಸೋದು) ಆಗುತ್ತೆ, ಇಂಪೀಡೆನ್ಸ್ ಎಷ್ಟು ಇಳಿಯುತ್ತೋ ಫಿಲ್ಟರ್ ಕತ್ತರಿಸೋ ಜಾಗ, ಅಂದ್ರೆ ಕಟಾಫ್, ಅಷ್ಟು ಮೇಲಕ್ಕೆ ಬರುತ್ತೆ. ನನ್ನ ಮೊದಲ ಆಂಪ್ 47 ಕಿಲೋಓಮ್, ಅದೊಂದೇ ಇದ್ದಾಗ ಕಟಾಫ್ 3.4 ಹರ್ಟ್ಸ್, ಕಿವಿಗೆ ಕೇಳೋ ಜಾಗಾನೇ ಅಲ್ಲ. ಎರಡನೇದು 10 ಕಿಲೋಓಮ್, ಸೇರಿಸಿದ್ಮೇಲೆ 19 ಹರ್ಟ್ಸ್, ನನ್ನ ಸಣ್ಣ ಸ್ಪೀಕರಲ್ಲಿ ಹೆಚ್ಚು ಕಮ್ಮಿ ಗೊತ್ತಾಗ್ಲಿಲ್ಲ. ಮೂರನೇದೂ 10 ಕಿಲೋಓಮ್, ಅಲ್ಲಿಗೆ ಒಟ್ಟು 4.5 ಕಿಲೋಓಮು, ಕಟಾಫ್ 35 ಹರ್ಟ್ಸ್. ಅಂದ್ರೆ 35 ಹರ್ಟ್ಸಲ್ಲೇ 3 ಡೆಸಿಬಲ್ ಹೋಗಿತ್ತು, ಅದಕ್ಕಿಂತ ಕೆಳಗೆ ಇನ್ನೂ ಜಾಸ್ತಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸು, ಅದರ ಬುಡಕ್ಕೇ ಕತ್ತರಿ ಬಿದ್ದಿತ್ತು, ಸಬ್ ದುಡಿಯೋ ಜಾಗಾನೂ ಅದೇ ಆಗಿದ್ರಿಂದ ಅದಕ್ಕೆ ಕೆಲಸಾನೇ ಇಲ್ಲದಂಗಾಯ್ತು.

ಸುಲಭದ ದಾರಿ ಅಂದ್ರೆ ಆ ಕೆಪಾಸಿಟರ್ ತೆಗೆದು 10 ಮೈಕ್ರೋಫ್ಯಾರಡ್‌ದು ಬೆಸುಗೆ ಹಾಕೋದು. ಮತ್ತೆ 3.5 ಹರ್ಟ್ಸ್‌ಗೆ ಇಳಿಯುತ್ತೆ. ನಾನು ಹಂಗೆ ಮಾಡ್ಲಿಲ್ಲ, ಮುಂದೆ ಇನ್ನೊಂದು ಆಂಪ್ ಸೇರಿಸಿದ್ರೂ ಸೋರ್ಸ್‌ಗೆ ಗೊತ್ತೇ ಆಗ್ಬಾರ್ದು ಅಂತ ಒಂದು ಬಫರ್ ಬಾಕ್ಸ್ (ಆಂಪ್‌ಗಳ ಲೋಡು ಸೋರ್ಸ್ ಮೇಲೆ ಬೀಳದಂಗೆ ಮಧ್ಯೆ ನಿಲ್ಲೋ ಸರ್ಕ್ಯೂಟ್) ಮಾಡ್ಕೊಂಡೆ. ಒಳಗೆ ಎನ್‌ಇ5532 ಅನ್ನೋ ಆಪಾಂಪ್ (ಸಣ್ಣ ಸಿಗ್ನಲ್‌ಗೆ ಬಳಸೋ ಪುಟ್ಟ ಆಂಪ್ಲಿಫೈಯರ್) ಐಸಿ ಮೂರು. ಒಂದು ಐಸಿ ಒಳಗೆ ಎರಡು ಆಪಾಂಪ್ ಇರ್ತವೆ, ಹಂಗಾಗಿ ಒಂದು ಸ್ಟೀರಿಯೋ ಔಟ್‌ಪುಟ್‌ಗೆ ಒಂದು ಐಸಿ. ಒಳಬರೋ ಕಡೆ ಒಟ್ಟು 100 ಕಿಲೋಓಮ್ ಕಾಣೋ ಹಂಗೆ ಇಟ್ಟೆ, ಹೊರಹೋಗೋ ಕಡೆ ಪ್ರತಿ ಔಟ್‌ಪುಟ್‌ಗೂ ಸೀರೀಸಲ್ಲಿ 100 ಓಮ್ ರೆಸಿಸ್ಟರ್ ಮತ್ತೆ ಅದರದ್ದೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಆ 100 ಓಮ್ ದಯವಿಟ್ಟು ಬಿಡ್ಬೇಡಿ. ಉದ್ದದ ಕೇಬಲ್ಲಿನ ಕೆಪಾಸಿಟೆನ್ಸ್ ನೇರವಾಗಿ ಮೇಲೆ ಬಿದ್ರೆ ಆಪಾಂಪ್ ಆಸಿಲೇಟ್ ಆಗೋ, ಅಂದ್ರೆ ತಾನಾಗೇ ಕಂಪಿಸೋಕೆ ಶುರು ಮಾಡೋ, ಸಾಧ್ಯತೆ ಇರುತ್ತೆ, ಅದನ್ನ ಈ ರೆಸಿಸ್ಟರ್ ತಪ್ಪಿಸುತ್ತೆ. ಕೈಯಲ್ಲಿ ಮಾಡೋಕೆ ಆಗಲ್ಲ ಅನ್ನೋರಿಗೆ ಇದೇ ಕೆಲಸ ಮಾಡೋ ರೆಡಿಮೇಡ್ ಬಾಕ್ಸು ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಅನ್ನೋ ಹೆಸರಲ್ಲಿ ಸಿಗುತ್ತೆ.

ಬಫರಿಂದ ಇನ್ನೊಂದು ಲಾಭ ಆಯ್ತು, ಅದನ್ನ ನಾನು ಎಣಿಸಿರ್ಲಿಲ್ಲ. ಮುಂಚೆ ಓದೋ ರೂಮಿನ ಆಂಪ್ ಆಫ್ ಮಾಡಿದ್ರೆ ಉಳಿದೆರಡರಲ್ಲಿ ಸೌಂಡ್ ಒಂಥರಾ ಒರಟಾಗ್ತಿತ್ತು. ಕೆಲವು ಆಂಪ್‌ಗಳಲ್ಲಿ ಪವರ್ ಇಲ್ಲದಾಗ ಇನ್‌ಪುಟ್‌ನಲ್ಲಿರೋ ಪ್ರೊಟೆಕ್ಷನ್ ಡಯೋಡ್ ಮೂಲಕ ಸಿಗ್ನಲ್‌ನ ತುದಿಗಳು ಸೋರಿಹೋಗ್ತವೆ, ಡಿಸ್ಟಾರ್ಷನ್ ಆಗುತ್ತೆ, ಅದೇ ವೈರಲ್ಲಿರೋ ಬೇರೆ ಆಂಪ್‌ಗಳಿಗೂ ಅದು ಅಂಟ್ಕೊಳುತ್ತೆ. ಈಗ ಒಂದೊಂದು ಆಂಪ್‌ಗೂ ಬೇರೆ ಬೇರೆ ಬಫರ್ ಇರೋದ್ರಿಂದ ಯಾವುದನ್ನ ಆಫ್ ಮಾಡಿದ್ರೂ ಇನ್ನೊಂದಕ್ಕೆ ಏನೂ ಆಗಲ್ಲ.

ಇಷ್ಟೆಲ್ಲ ಆದ್ಮೇಲೆ ಉಳಿದಿದ್ದು ಗುಂಯ್ ಅನ್ನೋ ಹಮ್. ಹಾಡು ನಿಲ್ಲಿಸಿದ್ರೂ ಸಬ್ಬಿಂದ ಸಣ್ಣಗೆ ಬರ್ತಾನೇ ಇರೋದು, ಮೇನ್ಸ್ ಫ್ರೀಕ್ವೆನ್ಸಿಯ ಶಬ್ದ. ಕೇಬಲ್ ಸರಿಯಿಲ್ಲ ಅಂತ ಎಲ್ರಿಗೂ ಮೊದಲು ಅನುಮಾನ ಬರುತ್ತೆ, ನನಗೂ ಬಂತು, ಬದಲಾಯಿಸಿದ್ರೂ ಹೋಗ್ಲಿಲ್ಲ. ಕಾರಣ ಗ್ರೌಂಡ್ ಲೂಪ್. ಓದೋ ರೂಮಿನ ಆಂಪ್ ಬೇರೆ ಸಾಕೆಟ್‌ನಲ್ಲಿತ್ತು, ಇದು ಬೇರೆ ಸಾಕೆಟ್‌ನಲ್ಲಿ, ಎರಡಕ್ಕೂ ಅರ್ತ್ ಇದೆ, ಎರಡು ಅರ್ತ್ ಮಧ್ಯೆ ಒಂಚೂರು ವೋಲ್ಟೇಜ್ ವ್ಯತ್ಯಾಸ ಇರುತ್ತೆ, ಅದು ಆಡಿಯೋ ಕೇಬಲ್ಲಿನ ಶೀಲ್ಡ್ ಮೂಲಕ ಹರಿಯೋಕೆ ಶುರು ಮಾಡುತ್ತೆ, ಆಂಪ್ ಅದನ್ನೂ ಹಾಡು ಅಂತ್ಲೇ ತಿಳ್ಕೊಂಡು ದೊಡ್ಡದು ಮಾಡುತ್ತೆ. ಹತ್ರ ಇರೋ ಎರಡು ಆಂಪ್, ಪ್ಲೇಯರ್, ಬಫರ್ ಎಲ್ಲಾನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತಂದೆ, ಹಮ್ ಅರ್ಧ ಇಳೀತು. ಓದೋ ರೂಮಿಗೆ ಹೋಗೋ ಲೈನಲ್ಲಿ 1:1 ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ವೈರುಗಳನ್ನ ನೇರ ಸೇರಿಸದೆ ಸಿಗ್ನಲ್ ಮಾತ್ರ ದಾಟಿಸೋದು) ಹಾಕ್ದೆ, ಪೂರ್ತಿ ನಿಂತೋಯ್ತು. ತೀರಾ ಪುಟ್ಟ ಕೋರಿನ ಟ್ರಾನ್ಸ್‌ಫಾರ್ಮರ್ ಆದ್ರೆ ಜೋರು ಬೇಸಿಗೆ ಸ್ಯಾಚುರೇಟ್ ಆಗುತ್ತೆ (ಕೋರಿನ ಮಿತಿ ಮುಗಿದು ಸೌಂಡ್ ಕೆಡುತ್ತೆ), ಅದಕ್ಕೇ ಸಬ್‌ನ ಲೈನಿಗೆ ಅದನ್ನ ಹಾಕೋಕೆ ಹೋಗ್ಲಿಲ್ಲ. ಹಮ್ ಹೋಗ್ಲಿ ಅಂತ ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕೋರಿದ್ದಾರೆ, ಆ ಕೆಲಸ ಮಾತ್ರ ಯಾವತ್ತೂ ಮಾಡ್ಬೇಡಿ, ಒಳಗೆ ಏನಾದ್ರೂ ಲೀಕ್ ಆದ್ರೆ ಆಂಪ್‌ನ ಮೈಗೇ ಕರೆಂಟ್ ಬರುತ್ತೆ, ಜೀವಕ್ಕೇ ಅಪಾಯ.

ಪ್ರೀಆಂಪ್ ಬದಲು ಬರೀ ಒಂದು ವಾಲ್ಯೂಮ್ ಪಾಟ್ (ತಿರುಗಿಸೋ ರೆಸಿಸ್ಟರ್) ಇಟ್ಕೊಂಡು ಅದರಿಂದ ಆಂಪ್‌ಗಳಿಗೆ ಹಂಚೋರು ಟ್ರೆಬಲ್ (ಮೇಲಿನ ಸ್ವರಗಳ) ಕಡೆ ಗಮನ ಕೊಡಿ. 50 ಕಿಲೋಓಮ್ ಪಾಟ್‌ನ ಔಟ್‌ಪುಟ್ ಇಂಪೀಡೆನ್ಸ್ ನಡುವಲ್ಲೆಲ್ಲೋ 12.5 ಕಿಲೋಓಮ್‌ವರೆಗೂ ಏರುತ್ತೆ. ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಹಿಡಿದ್ರೆ 10 ಮೀಟರ್ ಎಳೆದಾಗ 12–13 ಕಿಲೋಹರ್ಟ್ಸಲ್ಲೇ 3 ಡೆಸಿಬಲ್ ಬೀಳುತ್ತೆ, ತಾಳದ ಆ ಹೊಳಪೇ ಮಂಕಾಗುತ್ತೆ. 10 ಕಿಲೋಓಮ್ ಪಾಟ್ ಹಾಕಿದ್ರೆ ಇದೇ ಕೇಬಲ್ಲಿಗೆ 60 ಕಿಲೋಹರ್ಟ್ಸ್ ದಾಟುತ್ತೆ, ಚಿಂತೆ ಇಲ್ಲ. ಉದ್ದ ಕೇಬಲ್ ಬೇಕೇ ಬೇಕು ಅನ್ನೋದಾದ್ರೆ ಪಾಟ್ ಆದ್ಮೇಲೆ ಬಫರ್ ಇಡಿ.

ವೈ ಕೇಬಲ್ ಒಂದನ್ನ ಎರಡು ಮಾಡೋಕೆ ಮಾತ್ರ. ಅದನ್ನೇ ತಿರುಗಿಸಿ ಎರಡು ಪ್ಲೇಯರ್‌ನ ಔಟ್‌ಪುಟ್ ಒಂದು ಆಂಪ್‌ಗೆ ಸೇರಿಸಿದ್ರೆ ಪ್ಲೇಯರ್‌ಗಳು ಒಂದನ್ನೊಂದು ಎಳೆದಾಡ್ತವೆ, ಲೆಫ್ಟು ರೈಟು ಸೇರಿಸಿ ಮೋನೋ ಮಾಡೋದೂ ಹಂಗೇನೇ, ಮಧ್ಯೆ ಒಂದೊಂದು ಕಿಲೋಓಮ್ ರೆಸಿಸ್ಟರ್ ಆದ್ರೂ ಇರ್ಲಿ. ಒಂದು ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದ ಇನ್ನೊಂದರ ಆರ್‌ಸಿಎ ಇನ್‌ಪುಟ್‌ಗೆ ವೈರ್ ಎಳೀಬೇಡಿ, ಎಷ್ಟೋ ಕ್ಲಾಸ್ ಡಿ (ಸ್ವಿಚಿಂಗ್ ಮಾದರಿಯ) ಆಂಪ್‌ಗಳಲ್ಲಿ ಸ್ಪೀಕರ್ ಮೈನಸ್ ಗ್ರೌಂಡೇ ಅಲ್ಲ, ಔಟ್‌ಪುಟ್ ಶಾರ್ಟ್ ಆಗಿ ಸುಟ್ಟೋಗಬಹುದು.

ವೈರ್ ಕಾಟ ಬೇಡ ಅಂತ ಓದೋ ರೂಮಿಗೆ ಬ್ಲೂಟೂತ್ ಹಾಕಿಯೂ ನೋಡ್ದೆ. ಬಾಗಿಲು ಮುಚ್ಚಿದ್ರೆ ಪರವಾಗಿಲ್ಲ, ತೆಗೆದ್ರೆ ಒಂದೇ ಹಾಡು ಎರಡು ಸಲ ಕೇಳುತ್ತೆ, ಬ್ಲೂಟೂತಲ್ಲಿ 100–200 ಮಿಲಿಸೆಕೆಂಡ್ ತಡ ಆಗೋದು ಮಾಮೂಲಿ. ಎರಡು ರೂಮಿನ ಮಧ್ಯೆ ಬಾಗಿಲಲ್ಲಿ ನಿಂತು ಕೇಳಿದಾಗ ಹಾಡೋರ ಬಾಯಿಂದ ಒಂದು ಪದ ಬಂದು ಮುಗಿಯೋಷ್ಟರಲ್ಲಿ ಬೆನ್ನ ಹಿಂದಿಂದ ಅದೇ ಪದ ಮತ್ತೆ. ಅವತ್ತು ಸಂಜೇನೇ ಗೋಡೆ ಬುಡದಲ್ಲಿ ಮತ್ತೆ ಕೇಬಲ್ ಎಳೆದೆ.